ಆಚೆ ದಡದ ಜಾಗ

ಎಲ್ಲಾ ಶುರುವಾಗಿದ್ದು ಬಚ್ಚಲುಮನೆಯಲ್ಲಿ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ಕೆಲಸದಿಂದಾಗಿ ‘ವಿಚಾರಣೆಯಣ್ಣ’ ಎಂದೇ ಹೆಸರಾಗಿದ್ದ ಆತನಿಗೆ ಈ ಭೂಮಂಡಲದಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ ಅದೊಂದೇ. ಅಲ್ಲಿ ಬಕೆಟ್ಟನ್ನು ಬೋರಲು ಹಾಕಿ ಕುಳಿತು, ಅಣ್ಣ ದಿನಾ ಬೆಳಿಗ್ಗೆ ಫೋನಿನಲ್ಲಿ ಡೈನೋಸಾರುಗಳನ್ನು ನೋಡುತ್ತಿದ್ದ.

ಕಚ್ಚಾಡುವ ಡೈನೋಸಾರುಗಳಲ್ಲ. ದೂರದ ಯಾವುದೋ ಊರಿನ ಹೆಣ್ಣುಮಗಳೊಬ್ಬಳು ಬರೆಯುತ್ತಿದ್ದ ಪ್ರಾಣಿಗಳು ಅವು. ಒಂದು ಮರಕ್ಕೆ ಬೆನ್ನು ತಿಕ್ಕಿಕೊಳ್ಳುತ್ತಿದ್ದರೆ ಇನ್ನೊಂದು ಕೆಸರಿನಲ್ಲಿ ಹಾಯಾಗಿ ಮಲಗಿರುತ್ತಿತ್ತು. ಅವಳ ಪುಟಕ್ಕೆ ಅಲ್ಲೊಬ್ಬರು ಇಲ್ಲೊಬ್ಬರು ತಿಂಗಳಿಗಿಷ್ಟು ಎಂದು ಚಿಲ್ಲರೆ ಕಾಸು ಕಳಿಸುತ್ತಿದ್ದರು. ಅದರಲ್ಲೇ ಅವಳ ಬಣ್ಣ, ಕಾಗದ, ಊಟ. ಅಣ್ಣನೂ ಸಂಜೆಯ ಚಹಾ ಬಿಟ್ಟು ಆ ಕಾಸನ್ನು ಅಲ್ಲಿಗೆ ಕಳಿಸುತ್ತಿದ್ದ.

ಹುಡುಗನಾಗಿದ್ದಾಗ ಒಂದೇ ಹಾಸಿಗೆಯಲ್ಲಿ ಅಣ್ಣತಮ್ಮಂದಿರ ಮಧ್ಯೆ ಒತ್ತಿಕೊಂಡು ಮಲಗಿದವನು. ದೊಡ್ಡವನಾದ ಮೇಲೆ ‘ಆ ಬಸ್ ಎಷ್ಟೊತ್ತಿಗೆ’ ಎಂಬ ಪ್ರಶ್ನೆಗೆ ದಿನವಿಡೀ ಉತ್ತರ ಹೇಳಿದವನು. ಯಾರೂ ಏನೂ ಕೇಳದ ಒಂದು ಜಾಗಕ್ಕಾಗಿ ಅವನ ಜೀವ ಹಂಬಲಿಸುತ್ತಿತ್ತು. ಮನುಷ್ಯನೇ ಹುಟ್ಟಿರದ ಕಾಲಕ್ಕಿಂತ ಪ್ರಶಾಂತವಾದ ಕಾಲ ಇನ್ನೆಲ್ಲಿ ಸಿಕ್ಕೀತು?

ಆ ಕಲಾವಿದೆ ಈಗ ಒಂದು ದೊಡ್ಡ ಚಿತ್ರಕ್ಕೆ ಕೈ ಹಾಕಿದ್ದಳು. ಮುಸ್ಸಂಜೆ, ಅಲುಗದ ಕೆರೆಯ ನೀರು, ಖಾಲಿ ದಡ. “ಈ ಚಿತ್ರಕ್ಕೆ ನೆರವಾದವರು ಭಾವಚಿತ್ರ ಕಳಿಸಿದರೆ, ಅವರನ್ನೂ ಒಂದೊಂದು ಪ್ರಾಣಿಯಾಗಿ ಸೇರಿಸುತ್ತೇನೆ” ಎಂದಿದ್ದಳು. ಉಳಿದವರೆಲ್ಲ ನಾಚಿಕೊಂಡು ಬೇಡವೆಂದರು. ಅಣ್ಣನೊಬ್ಬ ಬರೆದಿದ್ದ: “ನನ್ನನ್ನು ಆಚೆ ದಡದಲ್ಲಿ ಬರೀರಿ. ಸಣ್ಣದಾಗಿ, ಬೆನ್ನು ತಿರುಗಿಸಿ, ಒಬ್ಬನೇ.”

ಆವತ್ತು ಬೆಳಿಗ್ಗೆ ಅವಳ ಸಂದೇಶ ಬಂತು: “ಇವತ್ತು ಸಂಜೆಯೊಳಗೆ ಇನ್ನೊಬ್ಬರಾದರೂ ಸೇರದಿದ್ದರೆ ಈ ಚಿತ್ರ ಕೈಬಿಡುತ್ತೇನೆ. ಬಿಸ್ಕತ್ತಿನ ಡಬ್ಬಿಗೆ ಬೆಕ್ಕಿನ ಮರಿ ಬರೆಯುವ ಕೆಲಸ ಸಿಕ್ಕಿದೆ.”

ಅಣ್ಣ ತಕ್ಷಣ ತಾನೇ ಎರಡು ಪಾಲು ಕೊಡುವೆನೆಂದು ಬರೆದ. “ಬೇಡ ಸಾರ್, ನನಗೆ ಬೇಕಿರೋದು ನೋಡೋ ಇನ್ನೊಂದು ಜೊತೆ ಕಣ್ಣು” ಎಂದಳು ಅವಳು.

ಹೊರಗೆ ಬಂದವನೇ ಹೆಂಡತಿಯನ್ನು ಕೇಳಿದ. “ಒಬ್ಬಳು ಕಲಾವಿದೆಗೆ ತಿಂಗಳು ತಿಂಗಳು ಸ್ವಲ್ಪ ಕಳಿಸ್ತಿದೀನಿ ಕಣೇ. ನೀನೂ ಒಂಚೂರು ಕಳಿಸ್ತೀಯಾ?”

“ಯಾರ್ರೀ ಅವಳು?”

“ಮುಖ ನೋಡಿಲ್ಲ. ಪಾಪ, ಕಷ್ಟದಲ್ಲಿದಾಳೆ.”

ಇದಕ್ಕಿಂತ ಕೆಟ್ಟ ಉತ್ತರವನ್ನು ವಾರವಿಡೀ ಯೋಚಿಸಿದ್ದರೂ ಹುಡುಕಲಾಗುತ್ತಿರಲಿಲ್ಲ. ಚಿತ್ರಗಳನ್ನು ತೋರಿಸಿಬಿಡಬಹುದಿತ್ತು. ಆದರೆ ಅವನಿಗೆಂದು ಇದ್ದದ್ದು ಅದೊಂದೇ. ತೋರಿಸಲು ಮನಸ್ಸು ಬರಲಿಲ್ಲ. ಹೊತ್ತಾಯಿತೆಂದು ಕೆಲಸಕ್ಕೆ ಓಡಿದ. ಹೆಂಡತಿ ಮೆಟ್ಟಿಲು ಹತ್ತಿ ಮಹಡಿಯಕ್ಕನ ಮನೆಗೆ ಹೋದಳು. ಮಹಡಿಯಕ್ಕನ ಕಿವಿಗೆ ಬಿದ್ದ ಮಾತು ಊರು ಸುತ್ತಲು ಬಸ್ಸು ಬೇಕಿಲ್ಲ.

ವಿಚಾರಣೆ ಕಿಟಕಿಯಲ್ಲಿ ಅಣ್ಣ ಬಂದವರನ್ನೆಲ್ಲ ವಿಚಾರಿಸತೊಡಗಿದ. “ನಿಮ್ಮ ಬಸ್ ಅಲ್ಲಿ ಬರುತ್ತೆ ತಾತ. ಅಂದ ಹಾಗೆ, ನಿಮಗೆ ಡೈನೋಸಾರ್ ಇಷ್ಟಾನಾ?”

“ಅದು ಎಲ್ಲಾ ಸ್ಟಾಪಲ್ಲೂ ನಿಲ್ಸುತ್ತೇನಪ್ಪಾ?” ಎಂದು ತಾತ ಕೇಳಿದ.

ಅಷ್ಟರಲ್ಲಿ ಪಕ್ಕದ ಟಿಕೆಟ್ ಕೌಂಟರಿನವ ಇಣುಕಿದ. “ಅಣ್ಣಾ, ಮಹಡಿಯಕ್ಕ ಬಂದು ಹೇಳಿದ್ರು. ಯಾರೋ ಹೆಂಗಸಿಗೆ ಪ್ರಾಣಿ ಸಾಕೋಕೆ ದುಡ್ಡು ಕಳಿಸ್ತೀರಂತೆ?”

“ಸಾಕೋದಲ್ಲ ಮಾರಾಯಾ, ಅವು ಸತ್ತು ಕೋಟಿಗಟ್ಟಲೆ ವರ್ಷ ಆಯ್ತು.”

“ಮತ್ತೆ ದುಡ್ಡು ಯಾಕೆ, ಮೇವಿಗಾ?”

ಮಧ್ಯಾಹ್ನದ ಹೊತ್ತಿಗೆ ಸುದ್ದಿಗೆ ರೆಕ್ಕೆಪುಕ್ಕ ಬಂದಿತ್ತು. ಅಣ್ಣ ಮನೆ ಬಿಟ್ಟು ಆ ಕಲಾವಿದೆಯ ಊರಿಗೆ ಓಡಿಹೋಗುತ್ತಾನಂತೆ, ಬಸ್ ಎಷ್ಟೊತ್ತಿಗೆ ಅನ್ನುವುದು ಅವನಿಗೆ ಹೇಗೂ ಗೊತ್ತಲ್ಲ, ಎಂದು ಕಂಡಕ್ಟರುಗಳು ಮಾತಾಡಿಕೊಂಡರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹೆಂಡತಿಯ ಕಣ್ಣು ಕೆಂಪಾಗಿತ್ತು. ಮಹಡಿಯಕ್ಕ ಕುರ್ಚಿಯಲ್ಲಿ, ಟಿಕೆಟ್ ಕೌಂಟರಿನವ ಬಾಗಿಲಲ್ಲಿ. ದುಂಡನೆಯ ಬಾಮೈದ ತೋಳು ಮಡಚಿ ನಿಂತಿದ್ದ.

“ಬೇಲಿ ಮೇಲೆ ಹೋಗೋ ಓತಿಕ್ಯಾತನ ಕಿವಿಯೊಳಗೆ ಬಿಟ್ಕೊಂಡ್ರಲ್ಲಾ ಭಾವಾ! ಯಾರವಳು, ಹೇಳಿ!”

ಆಯುಷ್ಯವಿಡೀ ವಿಚಾರಣೆಗೆ ಉತ್ತರ ಹೇಳಿದವನು ಈ ವಿಚಾರಣೆಯಲ್ಲಿ ಕಿಟಕಿಯ ಕಡೆ ತಿರುಗಿದ. ಕಿಟಕಿಯಾಚೆ ಹೊತ್ತು ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆ ಕೆರೆಯ ಮೇಲೆ ಬೆಕ್ಕಿನ ಮರಿ ಬಂದು ಕೂರುತ್ತದೆ. ಅಣ್ಣ ಫೋನು ತೆಗೆದು ಹೆಂಡತಿಯ ಕೈಗಿಟ್ಟ. “ನೋಡು. ದಣಿವಾದಾಗ ನಾನು ಹೋಗೋ ಜಾಗ ಇದು” ಎಂದ. “ಆಚೆ ದಡದಲ್ಲಿ ಬೆನ್ನು ತಿರುಗಿಸಿ ನಿಂತಿರೋ ಆ ಸಣ್ಣ ಪ್ರಾಣಿ ನಾನೇ.”

ಹೆಂಡತಿ ನೋಡಿದಳು. ಅವಳ ಭುಜದ ಮೇಲಿಂದ ಮಹಡಿಯಕ್ಕ, ಮಹಡಿಯಕ್ಕನ ಭುಜದ ಮೇಲಿಂದ ಉಳಿದವರು. ತುಂಬಾ ಹೊತ್ತು ಯಾರೂ ಏನೂ ಕೇಳಲಿಲ್ಲ. ಮದುವೆಯಾದಾಗಿನಿಂದ ಆ ಮನೆ ಅಷ್ಟು ಸುಮ್ಮನಿದ್ದದ್ದು ಅದೇ ಮೊದಲು.

“ನೀರು ಎಷ್ಟು ತಣ್ಣಗಿದೆ ನೋಡ್ರೀ. ಇಷ್ಟು ದಿನ ಒಬ್ರೇ ನೋಡಿದ್ರಲ್ಲಾ” ಎಂದಳು ಹೆಂಡತಿ, ಮೆಲ್ಲಗೆ.

ಮೊದಲು ಅವಳು ಸೇರಿದಳು. ಆಮೇಲೆ ನಾನೇನು ಕಮ್ಮಿಯೆಂದು ಮಹಡಿಯಕ್ಕ, ಆಮೇಲೆ ಬಾಮೈದ, ಟಿಕೆಟ್ ಕೌಂಟರಿನವ. ಕಲಾವಿದೆಯಿಂದ ಸಂದೇಶ ಬಂತು: “ಸಾರ್, ಅಳು ಬರ್ತಿದೆ. ಬೆಕ್ಕಿನ ಮರಿ ಕೆಲಸ ಬೇಡ ಅಂದುಬಿಟ್ಟೆ. ಇವತ್ತೇ ಕೂತು ಬರೀತೀನಿ!” ಅಣ್ಣನ ಕಣ್ಣಲ್ಲೂ ನೀರಾಡಿತು. ಈ ಜನವನ್ನು ತಾನು ಇಷ್ಟು ದಿನ ತಪ್ಪು ತಿಳಿದೆನಲ್ಲ ಎಂದುಕೊಂಡು ನೆಮ್ಮದಿಯಾಗಿ ನಿದ್ದೆ ಹೋದ.

ಮಾರನೆಯ ಬೆಳಿಗ್ಗೆ ಚಿಲಕ ಹಾಕಿ, ಬಕೆಟ್ಟಿನ ಮೇಲೆ ಕುಳಿತು ಫೋನು ತೆರೆದ. ಚಿತ್ರದ ಹೊಸ ಕರಡು ಬಂದಿತ್ತು. ಅದೇ ಮುಸ್ಸಂಜೆ, ಅದೇ ನೀರು. ಮೇಲಿನಿಂದ ಇಳಿಬಿದ್ದಿದ್ದ ಉದ್ದ ಕೊರಳಿನ ತುದಿಯಲ್ಲಿ ಮಹಡಿಯಕ್ಕನ ಕಣ್ಣು. ಮೂರು ಕೊಂಬಿನದು ಸಾಕ್ಷಾತ್ ಬಾಮೈದ. ಗದೆಯಂಥ ಬಾಲದ ಟಿಕೆಟ್ ಕೌಂಟರಿನವ ದಾರಿಗೆ ಅಡ್ಡ ನಿಂತಿದ್ದ. ಎಲ್ಲರ ನಡುವೆ, ಈಚೆ ದಡದಲ್ಲಿ, ಬಾತುಕೋಳಿ ಮೂತಿಯ ಒಂದು ಬಡಪಾಯಿ ಪ್ರಾಣಿ. ಅದಕ್ಕೊತ್ತಿಕೊಂಡು ಅಂಥದೇ ಇನ್ನೊಂದು. ಅಷ್ಟೂ ಮೂತಿಗಳು, ಬಸ್ ಎಷ್ಟೊತ್ತಿಗೆ ಎಂದು ಕೇಳುವಂತೆ, ಬಡಪಾಯಿಯ ಕಡೆಗೇ ಚಾಚಿದ್ದವು.

ಕೆಳಗೆ ಕಲಾವಿದೆ ಬರೆದಿದ್ದಳು: “ನಿಮ್ಮವರೆಲ್ಲ ರಾತ್ರಿಯೇ ಭಾವಚಿತ್ರ ಕಳಿಸಿದರು ಸಾರ್. ನೀವು ಅಷ್ಟು ದೂರ ಒಬ್ಬರೇ ನಿಂತಿದ್ದು ನೋಡಿ ಅವರಿಗೆ ಸಂಕಟವಾಯಿತಂತೆ. ನಿಮ್ಮನ್ನು ಈಚೆ ದಡಕ್ಕೆ ಕರೆದುಕೊಂಡು ಬಂದಿದ್ದೇನೆ.”

ಆಚೆ ದಡ ಖಾಲಿಯಾಗಿತ್ತು. ಅಲ್ಲಿ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಅಣ್ಣ ಅದನ್ನೇ ನೋಡುತ್ತ ಕುಳಿತ.

ಹೆಂಡತಿ ಬಾಗಿಲು ದಬದಬ ಬಡಿದಳು.

“ರೀ, ಚಿತ್ರ ಬಂತಾ? ಎಲ್ಲಾ ಬಂದು ಕಾಯ್ತಿದಾರೆ. ಇನ್ನು ಎಷ್ಟೊತ್ತಿಗೆ?”

“ಈಗ ಬರುತ್ತೆ” ಎಂದು ಅಣ್ಣ ಅಭ್ಯಾಸಬಲದಿಂದ ಹೇಳಿ, ಚಿಲಕ ತೆಗೆದ.