ಕಾಂಟಾ ಏರಿದ ಪ್ರಶಸ್ತಿಗಳು

ಬೀದರ ಜಿಲ್ಲಾ ಸಂಗೀತ ಪೋಷಕರ ಸಂಘದ ಅಂದಾಜಿನ ಪ್ರಕಾರ ಜಿಲ್ಲೆಯಲ್ಲಿ ಸಂಗೀತಗಾರರಿಗಿಂತ ಸಂಗೀತ ಪ್ರಶಸ್ತಿಗಳೇ ಹೆಚ್ಚು. ಇದು ಹೆಮ್ಮೆಯ ಸಂಗತಿ ಎಂದು ಸಂಘ ಸರ್ವಾನುಮತದಿಂದ ತೀರ್ಮಾನಿಸಿದೆ.

ಸಂಘದ ಅಧ್ಯಕ್ಷರು ಬಸವಣ್ಣೆಪ್ಪ. ಕಾಳಿನ ಪೇಟೆಯಾದ ಗಂಜಿನಲ್ಲಿ ತೊಗರಿ, ಉದ್ದಿನ ಅಡತ್ ಅಂಗಡಿ ಇಟ್ಟು ತಲೆ ನೆರೆಸಿಕೊಂಡವರು. ಅವರಿಗೂ ಸಂಗೀತಕ್ಕೂ ಏನು ಸಂಬಂಧ ಎಂದು ಯಾರೂ ಕೇಳಿರಲಿಲ್ಲ. ಸಂಘದ ಪೋಷಕರೆಲ್ಲ ಗಂಜಿನವರೇ. ಒಬ್ಬರನ್ನು ಕೇಳಿದರೆ ಎಲ್ಲರನ್ನೂ ಕೇಳಬೇಕಾಗುತ್ತಿತ್ತು. ಕಾರ್ಯದರ್ಶಿ ಅಬ್ದುಲ ಸಮದ ಅವರದು ಚೌಬಾರಾದ ಹತ್ತಿರ ಶೀಲ್ಡು, ಶಾಲು, ಹಾರಗಳ ಅಂಗಡಿ. ಜಿಲ್ಲೆಯ ಕಲಾವಿದರನ್ನು ಅತಿ ಹತ್ತಿರದಿಂದ ಬಲ್ಲವರು ಅವರೇ ಎಂಬ ಕಾರಣಕ್ಕೆ ಅವಿರೋಧವಾಗಿ ಆಯ್ಕೆಯಾಗಿದ್ದರು.

ಬಸವಣ್ಣೆಪ್ಪನವರಿಗೆ ಆ ವರ್ಷ ಗೋದಾಮಿನ ಚಿಂತೆ ಹತ್ತಿತ್ತು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಭಾತಂಬ್ರಾ ಕಡೆಯ ಲಲಿತಾಬಾಯಿ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದರು. ವಚನ, ತತ್ವಪದ, ಸೋಬಾನ ಎಲ್ಲ ಬಲ್ಲ ಹೆಂಗಸು. ಬೇಸಿಗೆಯಲ್ಲಿ ಗೋದಾಮು ಅರ್ಧ ಖಾಲಿ ಬಿದ್ದಾಗ, ಮಳೆ ಬೀಳುವ ತನಕ ಕೂಡ್ರಿ ಎಂದು ಬಸವಣ್ಣೆಪ್ಪ ಒಂದು ಮಾತು ಆಡಿದ್ದು ನಿಜ. ಮಳೆ ಬಿದ್ದಿತು, ನಿಂತಿತು, ತೊಗರಿ ಹೂಬಿಟ್ಟಿತು, ಲಲಿತಾಬಾಯಿ ಏಳಲಿಲ್ಲ. ಹಾಡುವ ಹೆಣ್ಣುಮಗಳನ್ನು ಎಬ್ಬಿಸಿದರೆ ಗಂಜಿನಲ್ಲಿ ಹೆಸರು ಕೆಡುತ್ತದೆ, ಎಬ್ಬಿಸದಿದ್ದರೆ ಹೊಸ ತೊಗರಿ ಬಯಲಿಗೆ ಬೀಳುತ್ತದೆ. ವ್ಯಾಪಾರಿಗೆ ಎರಡೂ ನುಕ್ಸಾನೇ.

ಅಷ್ಟರಲ್ಲಿ ಸಂಘದ ಹೊಸ ಸಂಗೀತ ಭವನ ಕಟ್ಟಿ ಮುಗಿಯಿತು. ಸಭಾಂಗಣ, ವೇದಿಕೆ, ಹಾರಗಳಿಗೊಂದು ಕೋಣೆ, ಸನ್ಮಾನಗೊಂಡು ದಣಿದವರು ಒರಗಲು ಇನ್ನೊಂದು ಕೋಣೆ, ಎಲ್ಲ ಆದ ಮೇಲೆ ಹಿಂಭಾಗದಲ್ಲಿ ಒಂದು ದೊಡ್ಡ ಕೋಣೆ ಉಳಿಯಿತು. ಅದನ್ನು ಸಂಗೀತಕ್ಕೆ ಬಳಸಬಹುದು ಎಂದು ಸದಸ್ಯರೊಬ್ಬರು ಸೂಚಿಸಿದರು. ಭವನದಲ್ಲಿ ಹಾಡುವ ಪ್ರಸಂಗ ಪ್ರಾರ್ಥನೆಯೊಂದೇ, ಅದೂ ಮುಖ್ಯ ಅತಿಥಿಗಳು ಬರುವುದರೊಳಗೆ ಮುಗಿಯುವಂಥದು. ಆದ್ದರಿಂದ ಸೂಚನೆ ವಿಚಿತ್ರವೆನಿಸಿತು. ಆದರೂ ಬಸವಣ್ಣೆಪ್ಪ ಅದನ್ನು ಎತ್ತಿ ಹಿಡಿದರು. ಕೊನೆಗೆ ಠರಾವು ಹೀಗೆ ಆಯಿತು: "ಜಿಲ್ಲೆಯಲ್ಲಿ ಅತಿ ಹೆಚ್ಚು ಪ್ರಶಸ್ತಿ ಪಡೆದ ಸಂಗೀತಗಾರರಿಗೆ ಸದರಿ ಕೋಣೆಯನ್ನು ಪಾಠ ಹೇಳುವ ಸಲುವಾಗಿ ಬಿಟ್ಟುಕೊಡತಕ್ಕದ್ದು."

ಪ್ರಕಟಣೆ ಹೊರಬಿದ್ದ ಕೂಡಲೇ ಭಾಲ್ಕಿಯ ಹಾರ್ಮೋನಿಯಂ ಓಂಪ್ರಕಾಶ ಒಂದು ಟೆಂಪೊ ತುಂಬ ಶೀಲ್ಡು ಹೇರಿಕೊಂಡು ಬಂದರು. ಔರಾದಿನ ಭಜನಿ ನರಸಿಂಗ ಅವರ ಬಳಿ ಶೀಲ್ಡು ಕಡಿಮೆ. ಆದರೆ ಒಂದೊಂದೂ ಬಾಗಿಲಿನಷ್ಟು ಎತ್ತರ. ಓಂಪ್ರಕಾಶ ಎಣಿಸಿರಿ ಎಂದರು. ನರಸಿಂಗ ಒಪ್ಪಲಿಲ್ಲ.

"ಹುಣಸಿಬೀಜ ಎಣಿಸಿದಂಗ ಎಣಿಸಿದ್ರ ಕುಂಬಳಕಾಯಿಗಿ ನ್ಯಾಯ ಸಿಗ್ತದೇನ್ರಿ?" ಎಂದು ಅವರು ಕೇಳಿದ್ದು ಸಭೆಯ ಮನಸ್ಸಿಗೆ ನಾಟಿತು.

ಸದಸ್ಯರೆಲ್ಲ ಕಾಳಿನ ವ್ಯಾಪಾರದವರು. ಗಂಜಿನಲ್ಲಿ ಯಾವ ಮಾಲನ್ನೂ ಎಣಿಸಿ ಕೊಂಡ ಉದಾಹರಣೆ ಇಲ್ಲ. ಆದ್ದರಿಂದ ಪ್ರಶಸ್ತಿಗಳನ್ನು ತೂಗತಕ್ಕದ್ದು, ಬರುವ ಅಮಾವಾಸ್ಯೆಗೆ ಗಂಜಿಗೆ ಸೂಟಿ ಇರುವುದರಿಂದ ಅಂದೇ ಗಂಜಿನ ದೊಡ್ಡ ಕಾಂಟಾದ ಮೇಲೆ ತೂಗತಕ್ಕದ್ದು ಎಂದು ನಿರ್ಧಾರವಾಯಿತು. ಕಲೆಗೆ ಇಷ್ಟು ಸರಳವಾದ ಮಾಪನ ಇಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಎಲ್ಲರೂ ಆಶ್ಚರ್ಯಪಟ್ಟು ಚಹಾ ಕುಡಿದರು.

ಅಮಾವಾಸ್ಯೆಯ ತನಕ ಜಿಲ್ಲೆಯ ಸಾಂಸ್ಕೃತಿಕ ಜೀವನ ಹಿಂದೆಂದೂ ಕಾಣದಷ್ಟು ಚುರುಕಾಯಿತು. ಔರಾದಿನಲ್ಲಿ ಹಿಟ್ಟಿನ ಗಿರಣಿಗೆ ಹೊಸ ಪಟ್ಟಿ ಹಾಕಿದ ಸಮಾರಂಭದಲ್ಲಿ ನರಸಿಂಗ ಅವರಿಗೆ 'ನಾದಸಾಗರ' ಬಿರುದು ಬಂತು. ಭಾಲ್ಕಿಯಲ್ಲಿ ಓಂಪ್ರಕಾಶರ ಭಾವಮೈದುನನ ಟೈರಿನ ಅಂಗಡಿ ಅವರಿಗೆ 'ಸ್ವರಸಾರ್ವಭೌಮ' ಕೊಟ್ಟಿತು. ಸ್ಮರಣಿಕೆ ಎಂದರೆ ಬಂಗಾರದ ಬಣ್ಣ ಬಳಿದ ಲಾರಿ ಗಾಲಿಯ ಡಿಸ್ಕು. ಸಮದ ಅವರು ಕಾಲಕ್ಕೆ ತಕ್ಕಂತೆ ಪ್ಲಾಸ್ಟಿಕ್ಕಿನ ಶೀಲ್ಡು ಮಾರುವುದನ್ನು ನಿಲ್ಲಿಸಿ, ಬುಡಕ್ಕೆ ನೆಲಹಾಸಿನ ಪರಸಿಕಲ್ಲು ಕೂಡಿಸಿದ ಮಾಲು ತರಿಸಿದರು. ಗಿರಾಕಿಗಳು ಶೀಲ್ಡಿನ ಮೇಲೆ ಏನು ಬರೆದಿದೆ ಎಂದು ಕೇಳುವುದನ್ನು ಬಿಟ್ಟು, ಎತ್ತಿ ನೋಡಿ ತಲೆಯಾಡಿಸುತ್ತಿದ್ದರು. ಸಾಯಗಾಂವದ ಮದುವೆಯವರು ಹಾರ್ಮೋನಿಯಂ ನುಡಿಸಲು ಕರೆಯಲು ಹೋದಾಗ ಓಂಪ್ರಕಾಶ, ಕೊಡುವ ಶೀಲ್ಡಿನ ಬುಡದ ಕಲ್ಲು ಯಾವುದು ಎಂದು ವಿಚಾರಿಸಿದರಂತೆ. ಮದುವೆಯವರು ಡಿಜೆ ಹಚ್ಚಿಕೊಂಡರು.

ಇದನ್ನೆಲ್ಲ ನೋಡುತ್ತ ಬಸವಣ್ಣೆಪ್ಪ ಒಂದು ಮಧ್ಯಾಹ್ನ ಗೋದಾಮಿಗೆ ಹೋದರು. ಹುಡುಗಿಯರು ಹಳೆಯ ಚೀಲಗಳ ನಡುವೆ ಚಾಪೆ ಹಾಸಿ ಕೂತಿದ್ದರು. ಲಲಿತಾಬಾಯಿ ಪಾಠ ನಿಲ್ಲಿಸಿ ಸೆರಗು ಸರಿಮಾಡಿಕೊಂಡರು.

"ಬಾಯಿ, ಆ ಕೋಣಿಗಿ ನೀವೂ ಅರ್ಜಿ ಹಾಕ್ರಿ."

"ನನಗ ಕೋಣಿ ಬೇಕೇ ಬೇಕ್ರಿ ಸಾವಕಾರ್ರ, ಸುಳ್ಳ್ಯಾಕ ಹೇಳ್ಲಿ. ಈ ಚೀಲದ ಧೂಳಿಗಿ ಹುಡುಗ್ಯಾರು ಮ್ಯಾಲಿನ ಸಾ ಮುಟ್ಟೂದ್ರಾಗ ಸೀನ್ತಾರ. ಖರೆ ನನ್ನ ಹತ್ರ ಶೀಲ್ಡ್ ಎಲ್ಲ್ಯವ? ಗಂಡಸರು ಹಾಡಿದ್ರ ಶೀಲ್ಡ್ ಕೊಡ್ತಾರ, ಹೆಣ್ಮಕ್ಕಳು ಹಾಡಿದ್ರ ಉಡಿ ತುಂಬ್ತಾರ."

"ಆ ಉಡಿ ಏನಾತು?"

"ಏನಾಗ್ತದ್ರಿ? ಅಕ್ಕಿ ಅನ್ನ ಆತು, ಕೊಬ್ಬರಿ ಚಟ್ನಿ ಆತು, ಖಣ ಕುಬಸ ಆತು."

ಬಸವಣ್ಣೆಪ್ಪ ಗಡ್ಡ ಕೆರೆದುಕೊಂಡರು. ಮಾಲು ಖರ್ಚಾಗಿದೆ, ಹೌದು. ಆದರೆ ಮಾಲು ಬಂದದ್ದು ಸುಳ್ಳಲ್ಲ. ಖರ್ಚಾದ ಮಾಲಿಗೂ ಗಂಜಿನಲ್ಲಿ ಒಂದು ದಾರಿ ಇರುತ್ತದೆ.

ಮರುದಿನದ ಸಭೆಯಲ್ಲಿ ಅವರು ತಿದ್ದುಪಡಿ ಮಂಡಿಸಿದರು: ಉಪಭೋಗಿಸಲ್ಪಟ್ಟ ಪ್ರಶಸ್ತಿಗಳನ್ನೂ ಪ್ರಶಸ್ತಿಗಳೆಂದೇ ಭಾವಿಸತಕ್ಕದ್ದು. ಸಮದ ಕನ್ನಡಕ ತೆಗೆದು ಒರೆಸಿದರು.

"ಹೊಟ್ಟಿಗಿ ಹೋದ ಪ್ರಶಸ್ತಿ ಕಾಂಟಾ ಮ್ಯಾಲ ಹ್ಯಾಂಗ ಇಡ್ತೀರಿ ಸಾವಕಾರ್ರ? ಬಾಯಿನ್ನೇ ಹತ್ತಸ್ತೀರೇನು?"

"ಯಾಕ್ರಿ ಸಮದಭಾಯಿ, ಕೊಟ್ಟವ್ರು ಸತ್ತಾರೇನು? ಅವರೇ ಬಂದು ಕೊಟ್ಟಷ್ಟು ಇಡ್ಲಿ. ಸಾಕ್ಷಿನೂ ಆತು, ಮಾಲೂ ಆತು."

ತೆಂಗಿನಕಾಯಿ ತಮ್ಮ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಸಮದ ಕ್ಷಣಕಾಲ ವ್ಯಥೆಪಟ್ಟರು. ಖಣ ತರಿಸಬಹುದು ಎಂದು ನೆನಪಾಗಿ ಒಪ್ಪಿದರು. ಉಡಿ ತುಂಬಿದ ಮಹಿಳೆಯರು ಖುದ್ದು ಹಾಜರಾಗಬೇಕೆಂದು ಹಳ್ಳಿಹಳ್ಳಿಗೆ ನೋಟೀಸು ಹೋಯಿತು.

ಬಸವಣ್ಣೆಪ್ಪನವರ ಲೆಕ್ಕ ಅವರ ಮನಸ್ಸಿನಲ್ಲೇ ಇತ್ತು. ಕಲ್ಲಿನ ಶೀಲ್ಡು ಎಷ್ಟು ತೂಗುತ್ತದೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲವರು. ಭಾತಂಬ್ರಾದಿಂದ ಒಂದಿಷ್ಟು, ಸಾಯಗಾಂವದಿಂದ ಒಂದಿಷ್ಟು ಹೆಂಗಸರು ಬಂದರೆ ಲಲಿತಾಬಾಯಿಯ ತೂಕ ಕೂದಲೆಳೆಯಷ್ಟು ಮುಂದಾಗುತ್ತದೆ. ಬಾಯಿ ಭವನಕ್ಕೆ, ತೊಗರಿ ಗೋದಾಮಿಗೆ.

ಅಮಾವಾಸ್ಯೆಯಂದು ಗಂಜಿನ ತೂಕದ ಜುಲ್ಫೀಕಾರ ಕಾಂಟಾಕ್ಕೆ ಕುಂಕುಮ ಹಚ್ಚಿಸಿ ನಿಂತರು. ಮೊದಲು ಓಂಪ್ರಕಾಶರ ಶೀಲ್ಡು ಏರಿದವು. ಗಾಜಿನ ಪೆಟ್ಟಿಗೆಗಳನ್ನು ಖಾಲಿ ಚೀಲದ ಸಮಾನವೆಂದು ಪರಿಗಣಿಸಿ, ಬಾರ್ದಾನದ ಲೆಕ್ಕದಲ್ಲಿ ಕಳೆಯಲಾಯಿತು. ಶಾಲುಗಳಿಗೆ ತೇವದ ಮೀಟರು ಚುಚ್ಚಿದಾಗ ಮುಳ್ಳು ಮಿತಿ ದಾಟಿತು. ಅದು ಹಾಡಿ ಹಾಡಿ ಬಂದ ಬೆವರು ಎಂದು ಓಂಪ್ರಕಾಶ ವಾದಿಸಿದರು. ಜುಲ್ಫೀಕಾರ ಒಂದು ಶಾಲು ಮೂಸಿ, ಬೋರಿನ ನೀರು ಎಂದು ಷರಾ ಬರೆದರು. ನರಸಿಂಗ ಅವರ ಪಾಳಿಯಲ್ಲಿ ಅಭಿಮಾನಿಗಳು ಕೊಟ್ಟ ಸಿಮೆಂಟಿನ ವೀಣೆ ಇಳಿಯಿತು. ಇಳಿಸಲು ಹಮಾಲರು ಬೇಕಾದರು. ಅದು ಇನ್ನೂ ಹಸಿಯಾಗಿತ್ತು, ನರಸಿಂಗ ವೀಣೆ ನುಡಿಸುವವರೂ ಅಲ್ಲ. ಆದರೆ ಪ್ರಶಸ್ತಿಗೂ ನುಡಿಸುವುದಕ್ಕೂ ಸಂಬಂಧ ಇರಬೇಕೆಂಬ ನಿಯಮ ಇರಲಿಲ್ಲವಾದ್ದರಿಂದ ತೂಕ ಬರೆದುಕೊಳ್ಳಲಾಯಿತು. ನರಸಿಂಗ ಮುಂದಾದರು.

ಆಮೇಲೆ ಹೆಂಗಸರು ಬಂದರು.

ಭಾತಂಬ್ರಾದಿಂದ ಟ್ರ್ಯಾಕ್ಟರು, ಸಾಯಗಾಂವದಿಂದ ಜೀಪು, ಉಳಿದೆಡೆಯಿಂದ ಟಂಟಂ. ಮದುವೆಗೆ ಹಾಡಿಸಿಕೊಂಡವರು, ತೊಟ್ಟಿಲಿಗೆ ಹಾಡಿಸಿಕೊಂಡವರು, ಶ್ರಾವಣದ ಸೋಮವಾರಕ್ಕೆ ಕರೆದವರು. ಸಮದರ ಹೆಂಡತಿ ಶಾಕಿರಾ ಬೇಗಂ ಕೂಡ ಸಕ್ಕರೆ, ಉತ್ತತ್ತಿ ಹಿಡಿದು ಸಾಲಿನಲ್ಲಿ ನಿಂತಿದ್ದರು. ಮಗಳ ಶಾದಿಯಲ್ಲಿ ಲಲಿತಾಬಾಯಿ ಹಾಡಿದ್ದರು. ಸಮದ ಹೆಂಡತಿಯ ಗುರುತು ಹಿಡಿಯದವರಂತೆ ಹೆಸರು, ಊರು ಕೇಳಿ ಉತ್ತತ್ತಿಯನ್ನು ದಾಖಲು ಮಾಡಿಕೊಂಡರು.

ನರಸಿಂಗ ಸಾಲಿನ ತುದಿಯಲ್ಲಿ ತಮ್ಮ ಹೆಂಡತಿ ಬಸವೇಶ್ವರಿಯನ್ನು ಕಂಡು ಧಾವಿಸಿದರು.

"ನೀ ಯಾಕ ಬಂದಿ?"

"ನೋಟೀಸ್ ಬಂದದ್ರಿ. ನಮ್ಮನಿ ಕುಬಸದ ಕಾರ್ಯದಾಗ ಆಕಿ ಹಾಡ್ಯಾಳ, ನಾ ಉಡಿ ತುಂಬೀನಿ. ತುಂಬಿಲ್ಲಂತ ಹೇಳ್ಲೇನು?"

"ನಾ ಹಾಡಿದ್ನಲ್ಲಾ ಅವತ್ತು."

"ನೀವು ಅವತ್ತು ಸನ್ಮಾನಕ್ಕ ಹೋಗಿದ್ರಿ."

ಬಸವಣ್ಣೆಪ್ಪನವರ ಲೆಕ್ಕ ತಪ್ಪಿದ್ದು ಇಲ್ಲೇ. ಕೊಟ್ಟಷ್ಟೇ ಇಡಿರಿ ಎಂದು ಅವರು ವ್ಯಾಪಾರದ ಭಾಷೆಯಲ್ಲಿ ಬರೆಸಿದ್ದರು. ಉಡಿ ತುಂಬುವಾಗ ಅಳೆಯಬಾರದು, ಎಣಿಸಬಾರದು, ಹಿಂದಿನದಕ್ಕಿಂತ ಕಡಿಮೆ ಹಾಕಬಾರದು ಎಂಬುದು ಹೆಂಗಸರ ಕಾನೂನು. ಕೊನೆಯ ಬೊಗಸೆ ಹಾಕಿದ ಮೇಲೂ ಮುಗಿಯಿತು ಎನ್ನುವಂತಿಲ್ಲ. ಹೀಗಾಗಿ ಒಂದು ಕಾಯಿ ಕೊಟ್ಟವರು ಜೋಡಿ ತಂದಿದ್ದರು. ಬೊಗಸೆ ಅಕ್ಕಿ ಕೊಟ್ಟವರು ಚೀಲ ತಂದಿದ್ದರು. ಬರಲಾಗದ ನೆಗೆಣ್ಣಿ, ನಾದಿನಿಯರ ಪಾಲೂ ಬಂದಿತ್ತು. ಕಾಂಟಾ ಸ್ವಲ್ಪ ಹೊತ್ತು ಅಂಕಿ ತೋರಿಸಿ, ಆಮೇಲೆ 'ಎರರ್' ಎಂದು ತೋರಿಸಿತು. ಅದನ್ನೇ ಅಧಿಕೃತ ತೂಕವೆಂದು ಘೋಷಿಸಿ ಲಲಿತಾಬಾಯಿಯವರನ್ನು ಜಿಲ್ಲೆಯ ಅತಿ ಹೆಚ್ಚು ಪ್ರಶಸ್ತಿ ಪಡೆದ ಸಂಗೀತಗಾರರೆಂದು ಸಾರಲಾಯಿತು.

ಸೋತವರು ಮೇಲ್ಮನವಿ ಕೊಟ್ಟರು. ಗೆದ್ದವರ ಪ್ರಶಸ್ತಿಗಳನ್ನು ಜನ ಯಾವಾಗ ಬೇಕಾದರೂ ನೋಡುವಂತಿರಬೇಕು, ಇಲ್ಲದಿದ್ದರೆ ರಾತ್ರೋರಾತ್ರಿ ಚಟ್ನಿ ಮಾಡಿಕೊಂಡು ತಿನ್ನುತ್ತಾರೆ ಎಂಬುದು ಅವರ ವಾದ. ಪಾರದರ್ಶಕತೆಯ ಮಾತು ಬಂದ ಮೇಲೆ ಸಂಘ ಬೇಡ ಎನ್ನಲಾಗಲಿಲ್ಲ. ಅಕ್ಕಿ, ಕಾಯಿ, ಖಣ ಎಲ್ಲ ಲಲಿತಾಬಾಯಿ ಗೆದ್ದ ಕೋಣೆಗೇ ಹೋದವು. ಕೋಣೆ ತುಂಬಿ ಹಾರದ ಕೋಣೆಗೆ ಹರಿದವು, ಅಲ್ಲಿಂದ ದಣಿದವರ ಕೋಣೆಗೆ.

ಕೋಣೆ ಕೊಟ್ಟಾಯಿತಲ್ಲ, ಗೋದಾಮು ಬಿಡಿ ಎಂದು ಬಸವಣ್ಣೆಪ್ಪ ಕೇಳಲು ಹೋದರು. ಹೊಲಗಳಲ್ಲಿ ತೊಗರಿ ಕಟಾವು ಸುರುವಾಗಿತ್ತು.

"ಎಲ್ಲಿ ಕುಂದರ್ಲಿ ಸಾವಕಾರ್ರ?" ಎಂದರು ಲಲಿತಾಬಾಯಿ. "ತೆಂಗಿನಕಾಯಿ ಮ್ಯಾಲ ಪದ್ಮಾಸನ ಹಾಕೂದು ನನಗ ಬರೂದಿಲ್ರಿ. ನಿಮಗ ಬರ್ತಿದ್ರ ತೋರಸ್ರಿ, ಹುಡುಗ್ಯಾರಿಗಿ ಕಲಸ್ತೇನಿ."

ಬಸವಣ್ಣೆಪ್ಪನವರಿಗೆ ಬರುತ್ತಿರಲಿಲ್ಲ. ಆದರೆ ಮನೆಗೆ ಹೋಗುವ ಹಾದಿಯಲ್ಲಿ ಭವನದ ಮುಂದೆ ಆಟೊ ನಿಲ್ಲಿಸಿ ಒಳಗೆ ಇಣುಕಿದಾಗ ಒಂದು ಸಂಗತಿ ಕಂಡಿತು. ಸಭಾಂಗಣಕ್ಕೆ ಗಾಳಿ ಚೆನ್ನಾಗಿತ್ತು, ನೆಲ ಬೆಚ್ಚಗಿತ್ತು, ಇಲಿಯ ಬಿಲ ಒಂದೂ ಇರಲಿಲ್ಲ. ಅಕ್ಕಿ ಇದ್ದಲ್ಲಿ ತೊಗರಿ ಇರಬಾರದೆಂದು ಏನಿದೆ?

ಸಭೆ ಕರೆದರು. ಭವನದಲ್ಲಿ ಪ್ರಶಸ್ತಿಯಲ್ಲದ ವಸ್ತುವನ್ನು ಇಡುವಂತಿಲ್ಲ ಎಂದು ಸಮದ ನಿಯಮ ತೆಗೆದು ಓದಿದರು. ಓದಿ, ಪುಸ್ತಕ ಮಡಚಿಟ್ಟು, ಇದಕ್ಕೂ ಒಂದು ದಾರಿ ಇದೆ ಎಂದರು. ಸಂಗೀತ ಕ್ಷೇತ್ರಕ್ಕೆ ಅಧ್ಯಕ್ಷರ ಸೇವೆಯನ್ನು ಮನ್ನಿಸಿ, ಅವರ ತೊಗರಿಯ ಪ್ರತಿ ಚೀಲವನ್ನೂ ಅವರಿಗೇ ಪ್ರಶಸ್ತಿಯಾಗಿ ನೀಡತಕ್ಕದ್ದು. ಪ್ರತಿ ಚೀಲಕ್ಕೂ ಒಂದು ಶಾಲು ಹೊದಿಸತಕ್ಕದ್ದು. ಶಾಲನ್ನು ಕಾರ್ಯದರ್ಶಿಗಳ ಅಂಗಡಿಯಿಂದ ತರತಕ್ಕದ್ದು. ಸ್ವಂತ ವಿಷಯವಾದ್ದರಿಂದ ಬಸವಣ್ಣೆಪ್ಪ ಮತ ಹಾಕದೆ ಹೊರಗೆ ಹೋಗಿ, ಠರಾವು ಪಾಸಾಗುವ ತನಕ ಬಾಗಿಲಲ್ಲಿ ನಿಂತಿದ್ದರು.

ಹಮಾಲರು ಗೋದಾಮಿನ ಹಳೆಯ ಚೀಲಗಳನ್ನೂ ಇದೇ ಖೇಪಿಗೆ ಭವನಕ್ಕೆ ಸಾಗಿಸಿದರು. ಗೋದಾಮನ್ನು ಗುಡಿಸಿ ಸುಣ್ಣ ಹೊಡೆಸಲಾಯಿತು. ಲಲಿತಾಬಾಯಿ ಚಾಪೆಯನ್ನು ನಡುವಿಗೆ ಎಳೆದು ಪಾಠ ಮುಂದುವರಿಸಿದರು. ಭವನದ ಕೋಣೆಯ ಮಾತು ಮತ್ತೆ ಎತ್ತಲಿಲ್ಲ.

ಸುಗ್ಗಿ ಮುಗಿಯುವುದರೊಳಗೆ ಒಂದು ವಿಷಯ ಎಲ್ಲರ ಗಮನಕ್ಕೆ ಬಂತು. ತೂಕದ ನಿಯಮದ ಪ್ರಕಾರ ಈಗ ಜಿಲ್ಲೆಯಲ್ಲಿ ಅತಿ ಹೆಚ್ಚು ಪ್ರಶಸ್ತಿ ಪಡೆದ ಸಂಗೀತಗಾರರು ಬಸವಣ್ಣೆಪ್ಪನವರೇ. ಸಂಶಯಕ್ಕೆ ಎಡೆಯೇ ಇರಲಿಲ್ಲ. ಲಲಿತಾಬಾಯಿ ಎರಡನೆಯವರು, ಅದೂ ಬಹಳ ಹಿಂದೆ. ಅಭಿನಂದನಾ ಸಮಾರಂಭ ಏರ್ಪಟ್ಟಿತು. ವೇದಿಕೆಯ ಮೇಲೆ ಎದ್ದು ನಿಲ್ಲುವಷ್ಟು ಮಾತ್ರ ಜಾಗ ಉಳಿದಿತ್ತು. ಓಂಪ್ರಕಾಶ, ನರಸಿಂಗ ಇಬ್ಬರೂ ಬಂದು ಹಿರಿಯರ ಕಾಲು ಮುಟ್ಟಿ, ಮುಂದಿನ ಸಾಲಿನ ಚೀಲಗಳ ಮೇಲೆ ಕೂತರು. ನಾಡಿನ ಸಂಗೀತಪ್ರೇಮಿಗಳಿಗೆ ಎರಡು ಮಾತು ಹೇಳಬೇಕೆಂದು ಸಮದ ಮೈಕು ಕೊಟ್ಟರು.

ಬಸವಣ್ಣೆಪ್ಪ ಗಂಟಲು ಸರಿಪಡಿಸಿಕೊಂಡು ಸಭಾಂಗಣದ ತುಂಬ ಕಣ್ಣಾಡಿಸಿದರು.

"ಮಾಲು ಚಲೋ ಬಂದದ್ರಿ ಈ ವರ್ಷ. ತೇವ ಕಡಿಮಿ ಅದ. ದರ ಏರೂತನಕ ತಡೀತೇನಿ."

ಓಂಪ್ರಕಾಶ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ತಲೆದೂಗಿದರು. ಹೀಗೆ ಕೇಳಿ ಬಹಳ ದಿನವಾಗಿತ್ತು ಎಂದು ಪಕ್ಕದ ನರಸಿಂಗರ ಕಿವಿಯಲ್ಲಿ ಹೇಳಿದರು. ನರಸಿಂಗ, ಸ್ವಲ್ಪ ತಡೀರಿ, ಇನ್ನೊಂದು ಹೇಳಬಹುದು ಎಂದು ಸನ್ನೆ ಮಾಡಿದರು.