ಅಜ್ಜನ ಪಂಚಾಂಗ, ಪುಟ್ಟಿಯ ಪೆಟ್ಟಿಗೆ

ನಮ್ಮ ಮನೆಯವರನ್ನು ನೋಡಲು ಬರುವುದಾದರೆ ಗಳಿಗೆ ನೋಡಿಕೊಂಡೇ ಬನ್ನಿ. ಇಲ್ಲದಿದ್ದರೆ ಅವರು ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, "ಇನ್ನು ಸ್ವಲ್ಪ ರಾಹುಕಾಲ ಬಾಕಿ ಉಂಟು, ಗ್ಯಾಲರಿಯಲ್ಲೇ ಕೂತಿರಿ" ಎಂದು ನಮ್ಮ ಚಾಳಿನ ಸಾಲುಮನೆಗಳ ಮುಂದಿನ ಉದ್ದ ಜಗಲಿಯಲ್ಲಿ ಒಂದು ಸ್ಟೂಲು ತಂದಿಡುತ್ತಾರೆ. ಸ್ಟೂಲಂತೂ ಕೊಡುತ್ತಾರೆ, ಅಷ್ಟು ಮರ್ಯಾದೆ ಉಂಟು!

ಮುಂಬಯಿಯಲ್ಲಿ ಜನ ಗಡಿಯಾರ ನೋಡಿ ಲೋಕಲ್ ಹಿಡಿಯುತ್ತಾರೆ. ಇವರು ಪಂಚಾಂಗ ನೋಡಿ ಹಿಡಿಯುತ್ತಾರೆ. ದಾದರಿನ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವ ಕೆಲಸದಲ್ಲಿದ್ದಾಗ ದಿನವೂ ಹೊತ್ತಿಗೆ ಸರಿಯಾಗಿ ಹೋಗಬೇಕಲ್ಲ, ಅದಕ್ಕೆ ಏನು ಮಾಡುತ್ತಿದ್ದರು ಅಂತೀರಿ? ಒಳ್ಳೆಯ ಗಳಿಗೆಯಲ್ಲಿ ತಮ್ಮ ಕೊಡೆಯನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಿದ್ದರು. ಕೊಡೆ ಹೊರಟಿತು ಎಂದರೆ ಯಜಮಾನರೂ ಹೊರಟ ಲೆಕ್ಕವಂತೆ. ಆಮೇಲೆ ಯಾವ ಕೆಟ್ಟ ಗಳಿಗೆಯಲ್ಲಿ ಬೇಕಾದರೂ ಹೋಗಬಹುದು. ಪಕ್ಕದ ಮನೆಯವರು ಮಂಗಳೂರು ಕಡೆಯ ಕ್ರಿಸ್ತರು. ಆ ಹೆಂಗಸನ್ನು ನಾವೆಲ್ಲ ಬಾಯಮ್ಮ ಎಂದೇ ಕರೆಯುವುದು. ಒಂದು ಮಳೆಗಾಲದ ಬೆಳಗ್ಗೆ ಆಕೆ ಕೊಡೆ ಒಳಗಿರುವಾಗಲೇ ಬೀಗ ಹಾಕಿ ಇಗರ್ಜಿಗೆ ಹೋಗಿಬಿಟ್ಟರು. ಇವರು ತೊಪ್ಪೆಯಾಗಿ ನೆನೆದುಕೊಂಡು ಸ್ಟೇಷನ್ನಿಗೆ ಓಡಿದರು. ಸಂಜೆ ಬಂದು ಸೀನುತ್ತಾ ನನಗೆ ಹೇಳಿದ್ದೇನು? "ಗಳಿಗೆ ಒಳ್ಳೆಯದಿತ್ತು, ಹಾಗಾಗಿ ಬರೀ ನೆಗಡಿಯಲ್ಲಿ ಮುಗಿಯಿತು."

ಇನ್ನೊಮ್ಮೆ ದವಡೆ ಹಲ್ಲು ನೋವು. ಡಾಕ್ಟರು ಮಂಗಳವಾರ ಬನ್ನಿ, ಕೀಳುತ್ತೇನೆ ಎಂದರು. ಮಂಗಳವಾರ ಹಲ್ಲು ಕೀಳಿಸುವುದೇ? ಬುಧವಾರವೇ ಸರಿ ಎಂದು ಇವರು ಕೆನ್ನೆಗೆ ಲವಂಗ ಒತ್ತಿಕೊಂಡು ಕೂತರು. ಆ ಹಲ್ಲಿಗೆ ಪಂಚಾಂಗ ಗೊತ್ತೇ? ಮಂಗಳವಾರ ಮಧ್ಯಾಹ್ನ, ನಟ್ಟನಡು ರಾಹುಕಾಲದಲ್ಲಿ, ತಾನಾಗಿಯೇ ಕಳಚಿ ಚಹಾದ ಲೋಟಕ್ಕೆ ಬಿತ್ತು! ಹಲ್ಲಿನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ನಾನು ಎರಡನೆಯ ಕ್ಲಾಸಿನವರೆಗೆ ಓದಿದವಳು. ಪಂಚಾಂಗದ ಸಣ್ಣ ಅಕ್ಷರ ನನಗೆ ಇರುವೆ ಸಾಲಿನಂತೆ ಕಾಣುತ್ತದೆ. ಆದರೂ ಯಾವ ವಾರ ಯಾವ ಹೊತ್ತಿಗೆ ರಾಹುಕಾಲ ಎಂಬುದು ನನಗೆ ಬಾಯಿಪಾಠ. ಬೇರೆ ಹೆಂಗಸರಿಗೆ ಗಂಡಂದಿರಿಂದ ಬಳೆ, ಸರ ಸಿಗುತ್ತದೆ. ನನಗೆ ಸಿಕ್ಕಿದ್ದು ಇದು!

ಅಯ್ಯೋ, ಮುಖ್ಯ ಸಂಗತಿಯನ್ನೇ ಹೇಳಲಿಲ್ಲ ನೋಡಿ. ನನಗೆ ಮೊಮ್ಮಗ ಹುಟ್ಟಿದ್ದಾನೆ! ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ಸಂತೋಷ ಹೆಚ್ಚಾಗಿ ಎಲ್ಲ ಹಿಂದುಮುಂದಾಗುತ್ತಿದೆ. ಕಳೆದ ಚೌತಿ ಕಳೆದು ಸ್ವಲ್ಪ ದಿನಕ್ಕೆ, ಬೊರಿವಲಿಯ ಬೀಗರ ಮನೆಯಲ್ಲಿ ಸೊಸೆ ಹೆತ್ತಳು. ಮೂಗು ನಮ್ಮ ಕಡೆಯದು. ಬೀಗಿತಿ ಅದು ತಮ್ಮ ಕಡೆಯದು ಎನ್ನುತ್ತಾರೆ, ಹೇಳಿಕೊಳ್ಳಲಿ ಪಾಪ.

ಮೊದಲ ಮೊಮ್ಮಗಳು ಪುಟ್ಟಿಗೆ ನಾಲ್ಕು ವರ್ಷ. ಅವಳೂ ತಾಯಿಯ ಜತೆ ಬೊರಿವಲಿಗೆ ಹೋದವಳೇ. ಅಲ್ಲಿ ಎರಡು ಕೋಣೆಯಲ್ಲಿ ಎಂಟು ಜನ. ಎಲ್ಲರ ಕಣ್ಣು ತಪ್ಪಿಸಿ ಇವಳು ಹಸುಗೂಸಿನ ಬಾಯಿಗೆ ಚಕ್ಕುಲಿ ತುರುಕಲು ಹೋದಳಂತೆ. "ತಮ್ಮನಿಗೆ ಹಸಿವು" ಎಂದಳಂತೆ! ಅಂದೇ ಸಂಜೆ ಬೀಗರು ಅವಳನ್ನು ಚಕ್ಕುಲಿಯ ಸಮೇತ ನಮ್ಮ ಮುಲುಂಡಿಗೆ ತಲುಪಿಸಿದರು.

ಸರಿ, ಸ್ವಲ್ಪ ದಿನಕ್ಕೆ ಸೊಸೆಯೂ ಕೂಸೂ ಬಂದೇ ಬರುತ್ತಾರಲ್ಲ ಎಂದು ನಾವು ಸುಮ್ಮನಿದ್ದೆವು. ಬಾಣಂತನ ಮುಗಿಯಿತು. ಬೀಗರು ಕರೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದರು. ಇನ್ನು ಒಂದು ಒಳ್ಳೆಯ ದಿನ ಹುಡುಕಿದರಾಯಿತು. ಹುಡುಕುವವರು ಯಾರು? ಬೇರೆ ಯಾರು!

ಒಂದು ದಿನಕ್ಕೆ ತಿಥಿ ಸರಿ ಇದ್ದರೆ ವಾರ ಸರಿ ಇಲ್ಲ. ವಾರ ಸರಿ ಇದ್ದರೆ ಕೂಸಿನ ನಕ್ಷತ್ರಕ್ಕೆ ಕೂಡಿಬರುವುದಿಲ್ಲ. ಕೂಸಿಗೆ ಕೂಡಿಬಂದ ಒಂದೇ ಒಂದು ದಿನ ಸೊಸೆಗೆ ಕೂಡಿಬರಲಿಲ್ಲ. ಮಗನಿಗಂತೂ ಅಪ್ಪನೆದುರು ಮಾತೇ ಹೊರಡುವುದಿಲ್ಲ. ಆಫೀಸು, ಮನೆ, ಭಾನುವಾರ ಬೊರಿವಲಿ, ಇಷ್ಟೇ. ಹೀಗೆ ಹುಡುಕುತ್ತಾ ಹುಡುಕುತ್ತಾ ಧನುರ್ಮಾಸವೇ ಹತ್ತಿರ ಬಂತು. ಆ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಕೂಸನ್ನು ಮನೆ ತುಂಬಿಸಿಕೊಳ್ಳುವುದಂತೂ ಇಲ್ಲವೇ ಇಲ್ಲ. ಇವರು ಕನ್ನಡಕ ತೆಗೆದು, "ಇನ್ನು ಸಂಕ್ರಾಂತಿಗೇ" ಎಂದು ಪಂಚಾಂಗ ಮುಚ್ಚಿದರು. ನನಗೆ ಬಂದ ಸಿಟ್ಟಿಗೆ ಆ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ನಮ್ಮ ಸಿಟ್ಟು ಹೇಗೋ ನಡೆಯುತ್ತದೆ. ಪುಟ್ಟಿಯ ಗತಿ? ಮಗ ಅವಳನ್ನು ಒಂದು ಭಾನುವಾರ ಬೊರಿವಲಿಗೆ ಕರೆದೊಯ್ದಿದ್ದ. ಹೊರಡುವಾಗ ಅವಳು ಬೀಗರ ಮನೆಯ ಮೆಟ್ಟಿಲ ಕಟಕಟೆ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಒಂದೊಂದೇ ಬೆರಳು ಬಿಡಿಸಬೇಕಾಯಿತಂತೆ. ಮತ್ತೆ ಅವನಿಗೆ ಕರೆದೊಯ್ಯುವ ಧೈರ್ಯ ಬರಲಿಲ್ಲ. ಆಮೇಲೆ ದಿನಾ ಬೆಳಗ್ಗೆ ಎದ್ದು ಹಾಸಿಗೆಯಲ್ಲೇ, ಚಾಳಿನ ಹಿಂದಿ ಬೆರೆತ ಒಂದು ಪ್ರಶ್ನೆ: "ಅಜ್ಜಾ, ಅಮ್ಮ ಕಬ್ ಬರ್ತಾಳೆ?"

"ಸಂಕ್ರಾಂತಿಗೆ ಬರ್ತಾಳೆ, ಮಗಾ."

"ಸಂಕ್ರಾಂತಿ ಕಬ್?"

ಪಂಚಾಂಗವನ್ನು ಅರೆದು ಕುಡಿದ ಮನುಷ್ಯನಿಗೆ ಈ ಪ್ರಶ್ನೆಗೆ ಉತ್ತರ ಬರಲಿಲ್ಲ! ನಾಲ್ಕು ವರ್ಷದ ಮಗುವಿಗೆ ಒಂದು ತಿಂಗಳು ಎಂದರೆ ಎಷ್ಟು ಎಂದು ಹೇಗೆ ಹೇಳುವುದು?

ಉತ್ತರ ಬಾಯಮ್ಮನ ಗೋಡೆಯ ಮೇಲೆ ಸಿಕ್ಕಿತು. ಹಡಗಿನಲ್ಲಿ ಕೆಲಸ ಮಾಡುವ ಅವರ ತಮ್ಮ ಹೊರದೇಶದಿಂದ ಒಂದು ದಪ್ಪ ಕಾಗದದ ಚಿತ್ರ ತಂದುಕೊಟ್ಟಿದ್ದ. ಚಿತ್ರದ ತುಂಬ ಪುಟ್ಟ ಪುಟ್ಟ ಬಾಗಿಲು. ಬಾಯಮ್ಮನ ಮಕ್ಕಳು ದಿನಕ್ಕೊಂದು ಬಾಗಿಲು ತೆರೆಯುತ್ತಾರೆ. ಒಳಗೆ ಒಂದು ಗಂಟೆಯೋ ನಕ್ಷತ್ರವೋ ಕಾಣುತ್ತದೆ. ಕೊನೆಯ ಬಾಗಿಲು ತೆರೆದಾಗ ಕ್ರಿಸ್ಮಸ್! ಪುಟ್ಟಿ ಅದರ ಎದುರು ನಿಂತರೆ ಊಟಕ್ಕೂ ಬರುವುದಿಲ್ಲ. ಅವಳನ್ನು ಕರೆಯಲು ಹೋದ ಇವರೂ ಅಲ್ಲೇ ನಿಂತರು. ಕನ್ನಡಕ ಏರಿಸಿ, ಇಳಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ ಬಾಯಮ್ಮನನ್ನು ಕೇಳಿದರು: "ಎಲ್ಲ ಸರಿ. ಇದರಲ್ಲಿ ರಾಹುಕಾಲ ಎಲ್ಲಿ ಉಂಟು?"

"ನಮಗೆ ಅದೊಂದು ಕಡಿಮೆ ಕೊಟ್ಟಿದ್ದಾನೆ ದೇವರು, ಭಟ್ರೇ," ಎಂದರು ಬಾಯಮ್ಮ.

ಇವರು ಮನೆಗೆ ಬಂದವರೇ ಮಂಚದ ಕೆಳಗಿನ ಟ್ರಂಕು ಎಳೆದರು. ಅದರಲ್ಲಿ ಏನುಂಟು ಎಂದು ಕೇಳಬೇಡಿ. ಮದುವೆಯ ಕರೆಯೋಲೆ, ಸಾಬೂನಿನ ಹೊದಿಕೆ, ಹಳೆಯ ಕ್ಯಾಲೆಂಡರಿನ ಲಕ್ಷ್ಮಿ, ಅಗರಬತ್ತಿಯ ಪೊಟ್ಟಣ! ಪಾರ್ಸೆಲ್ ಕಟ್ಟಿದ ಕೈ, ಒಂದು ಚೂರು ಕಾಗದ ಬಿಸಾಡದು. ಪಾಯಸದ ಪಾತ್ರೆಯಲ್ಲಿ ಮೈದಾ ಅಂಟು ಕಾಯಿಸಿದರು. ಪಾತ್ರೆ ನನ್ನದು, ಕೇಳುವವರು ಯಾರು? ಎರಡು ದಿನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮಗ ಬೆಳಗ್ಗೆ ಆಫೀಸಿಗೆ ಹೋದ ಮೇಲೆ ಯಾರೋ ಹೇಳಿದರಂತೆ, ಅವನ ಅಂಗಿಯ ಬೆನ್ನಿಗೆ "ತಾವು ಸಕುಟುಂಬ ಬಂದು ವಧೂವರರನ್ನು ಆಶೀರ್ವದಿಸಬೇಕು" ಎಂದು ಅಂಟಿಕೊಂಡಿತ್ತೆಂದು!

ಧನುರ್ಮಾಸ ಹಿಡಿದ ದಿನ ಬೆಳಗ್ಗೆ ಎದ್ದು ನೋಡಿದರೆ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದಲ್ಲಿ ಸಾಲಾಗಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಕಾಗದದ ಪೆಟ್ಟಿಗೆಗಳು ನೇತಾಡುತ್ತಿವೆ. ಸಂಕ್ರಾಂತಿಯವರೆಗೆ ದಿನಕ್ಕೊಂದು. ಒಂದೊಂದರಲ್ಲೂ ಒಂದೊಂದು ತಿಂಡಿ: ಪೆಪ್ಪರಮಿಂಟು, ಒಣದ್ರಾಕ್ಷಿ, ಶೇಂಗಾ ಚಿಕ್ಕಿಯ ಚೂರು. ಕೊನೆಯದರಲ್ಲಿ ಎಳ್ಳುಂಡೆ. ಪುಟ್ಟಿಯನ್ನು ಎತ್ತಿಕೊಂಡು ತೋರಿಸಿ ಹೇಳಿದರು: "ದಿನಾ ಒಂದು ತೆರೆಯುದು. ಎಲ್ಲ ಮುಗಿದ ದಿನ ಅಮ್ಮ ಬರುದು."

ಪುಟ್ಟಿಯ ಮುಖ ನೀವು ನೋಡಬೇಕಿತ್ತು! ಇವರ ಮುಖವನ್ನಂತೂ ನೋಡಲೇಬೇಕಿತ್ತು. ಮೊದಲ ಪೆಟ್ಟಿಗೆಯಲ್ಲಿ ಪೆಪ್ಪರಮಿಂಟು ಸಿಕ್ಕಿತು. ಮಾರನೆಯ ದಿನ ಅವಳು ಹಲ್ಲುಜ್ಜುವ ಮೊದಲೇ ಎರಡನೆಯದನ್ನು ತೆರೆದಳು. ಒಳಗೆ ಏನೂ ಇಲ್ಲ. ತಲೆಕೆಳಗೆ ಮಾಡಿ ಕೊಡವಿದಳು. ಇಲ್ಲವೇ ಇಲ್ಲ. ಅವಳ ಅಳು ಕೇಳಿ ಅರ್ಧ ಚಾಳು ಗ್ಯಾಲರಿಗೆ ಬಂತು. ಏನ್ರೀ ಇದು, ತುಂಬಿಸಲು ಮರೆತಿರಾ ಎಂದು ನಾನು ಕೇಳಿದರೆ, ಇವರು ನನಗಿಂತ ಆಶ್ಚರ್ಯದಲ್ಲಿ, "ಮರೆಯುದಾ? ಇವತ್ತು ಏಕಾದಶಿ ಅಲ್ವಾ ಮಾರಾಯ್ತಿ" ಎಂದರು.

ನಾಲ್ಕು ವರ್ಷದ ಮಗುವಿಗೆ ಕಾಗದದ ಪೆಟ್ಟಿಗೆಯಲ್ಲಿ ನಿರಾಹಾರ! ನಾನು ಆ ದಿನ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಬಾಯಮ್ಮ ಬಂದು ಪುಟ್ಟಿಯ ಕೈಗೆ ಒಂದು ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಿದರು. ಸಂಜೆ ನಾನು ನೋಡುವಾಗ ಇವರು ಸ್ಟೂಲಿನ ಮೇಲೆ ನಿಂತು, ಮುಂದಿನ ಏಕಾದಶಿಯ ಪೆಟ್ಟಿಗೆಗೆ ಒಂದು ಖರ್ಜೂರ ಹಾಕುತ್ತಿದ್ದರು. ಖರ್ಜೂರ ಫಲಾಹಾರ, ಅದು ನಡೆಯುತ್ತದಂತೆ. ಅಷ್ಟರ ಮಟ್ಟಿಗೆ ಶಾಸ್ತ್ರ ಬಗ್ಗಿತು!

ಹೀಗೆ ದಿನಗಳು ಸಾಗಿದವು. ಪುಟ್ಟಿ ಕೇಳುವ ಪ್ರಶ್ನೆ ನಿಂತಿತು. ಎದ್ದು ಒಂದು ಪೆಟ್ಟಿಗೆ ತೆರೆದು, ಉಳಿದವನ್ನು ಬೆರಳಲ್ಲಿ ಮುಟ್ಟುತ್ತಾ ಹೋಗುವಳು. ಅಷ್ಟರಲ್ಲಿ ಕ್ರಿಸ್ಮಸ್ ಬಂತು. ಬಾಯಮ್ಮನ ಮಕ್ಕಳು ಕೊನೆಯ ಬಾಗಿಲು ತೆರೆದರು. ಬೆಳಗ್ಗೆ ನೋಡಿದರೆ ಅವರ ಮನೆಯ ಮೂಲೆಯಲ್ಲಿ ಹಬ್ಬಕ್ಕೆಂದು ಮಾಡಿಟ್ಟ ಗೋದಲಿಯಲ್ಲಿ, ನಿನ್ನೆಯವರೆಗೆ ಬರೀ ಹುಲ್ಲಿದ್ದ ಕಡೆ, ಪುಟ್ಟ ಮಣ್ಣಿನ ಶಿಶು ಮಲಗಿದೆ. ಪಕ್ಕದಲ್ಲಿ ಅದರ ಅಮ್ಮ. ಪುಟ್ಟಿ ಅದನ್ನೇ ನೋಡಿ ನೋಡಿ ಬಂದಳು.

ಮಾರನೆಯ ದಿನ ಗುರುವಾರ. ಮಧ್ಯಾಹ್ನ ಊಟವಾಗಿ ನಾನು ನಲ್ಲಿಯ ಹತ್ತಿರ ಪಾತ್ರೆ ತೊಳೆದು ಬಂದರೆ ಹಗ್ಗದಲ್ಲಿ ಒಂದೂ ಪೆಟ್ಟಿಗೆ ಮುಚ್ಚಿಲ್ಲ! ಸ್ಟೂಲು ಕೆಳಗಿದೆ. ತಿಂಡಿಯೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟಿದೆ. ಪುಟ್ಟಿ ಹಬ್ಬದ ಫ್ರಾಕು ತೊಟ್ಟು, ಗುಂಡಿ ಹಿಂದುಮುಂದು ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ಕೂತಿದ್ದಾಳೆ. ನನಗೆ ನಗು ಬಂತು. ಇವರು ಮಲಗಿದ್ದವರು ಎದ್ದು ಕೂತು, ಕಳ್ಳಿ, ಎಲ್ಲ ಒಂದೇ ದಿನ ತಿನ್ನಲು ಹೊರಟೆಯಾ ಎಂದು ಗದರಿದರು.

ಪುಟ್ಟಿ ತಿರುಗಿ ಸಹ ನೋಡಲಿಲ್ಲ. "ತಿನ್ಲಿಕ್ಕೆ ಅಲ್ಲ ಅಜ್ಜಾ," ಎಂದಳು. "ಅಮ್ಮ ಬರ್ಲಿಕ್ಕೆ."

ನೆಲದ ಮೇಲೆ ನೋಡಿದೆ. ಎಳ್ಳುಂಡೆ ಇತ್ತು. ಚಿಕ್ಕಿ ಇತ್ತು. ಒಂದು ದ್ರಾಕ್ಷಿಯನ್ನೂ ಅವಳು ಬಾಯಿಗೆ ಹಾಕಿರಲಿಲ್ಲ.

ಇವರು ಎದ್ದು ಅಂಗಿ ತೊಟ್ಟರು. ಹೆಗಲಿಗೆ ಶಾಲು ಹಾಕಿಕೊಂಡರು. ಎಲ್ಲಿಗೆ ಎಂದರೆ, ಬೊರಿವಲಿಗೆ ಎಂದರು. ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ. ತೆಂಕು ದಿಕ್ಕಿಗೆ ಶೂಲ ಬೇರೆ, ಆ ಕಡೆ ಪಯಣ ಕೂಡದು; ರೈಲು ಬದಲಿಸಬೇಕಾದ ದಾದರು ಇರುವುದೇ ತೆಂಕಿಗೆ. ಮೇಲೆ ಧನುರ್ಮಾಸ. ಮೊಮ್ಮಗ ಮನೆಗೆ ಬರಲೆಂದು ಹಗಲಿರುಳು ಹಂಬಲಿಸಿದ ನಾನೇ ಬಾಗಿಲಿಗೆ ಅಡ್ಡ ನಿಂತೆ. ನೋಡಿ ಹೇಗಿದೆ!

"ಈಗ ಹೊರಡುದು ಬೇಡ. ರಾಹುಕಾಲ."

"ಗೊತ್ತುಂಟು."

"ಹಾಗಾದರೆ ಕಾಯಿರಿ."

"ಪೆಟ್ಟಿಗೆ ಎಲ್ಲ ತೆರೆದಾಯ್ತಲ್ಲ ಮಾರಾಯ್ತಿ. ಇನ್ನು ಎಂತ ಕಾಯುದು?"

ಹೊಸ್ತಿಲಲ್ಲಿ ಕೂತ ಪುಟ್ಟಿಯನ್ನು ದಾಟದೆ, ಸುತ್ತಿ ಬಳಸಿ ಮೆಲ್ಲಗೆ ಹೊರಗೆ ಕಾಲಿಟ್ಟು ಹೋದರು. ಕೊಡೆ ಮೂಲೆಯಲ್ಲೇ ಇತ್ತು.

ಆಮೇಲಿನದು ಸೊಸೆ ಹೇಳಿದ್ದು. ಇವರನ್ನು ಬಾಗಿಲಲ್ಲಿ ಕಂಡು ಬೀಗರು ಗಾಬರಿಯಾದರಂತೆ. ಇವತ್ತು ದಿನ ಹೇಗಿದೆ ಎಂದು ಅನುಮಾನದಿಂದ ಕೇಳಿದರೆ, ಇವರು ಕಣ್ಣು ಮಿಟುಕಿಸದೆ, ಇಡೀ ವರ್ಷದಲ್ಲಿ ಇಂಥ ದಿನ ಮತ್ತೊಂದಿಲ್ಲ ಎಂದುಬಿಟ್ಟರಂತೆ! ಇವರ ಬಾಯಿಂದ ಪಂಚಾಂಗದ ಹೆಸರಿನಲ್ಲಿ ಬಂದ ಮೊದಲ ಸುಳ್ಳು. ಬೀಗರು ಮತ್ತೊಮ್ಮೆ ಯೋಚನೆ ಮಾಡುವ ಮೊದಲೇ ಸೊಸೆ ಸೀರೆ ಬದಲಿಸಿ ಟ್ರಂಕು ಹಿಡಿದು ನಿಂತಿದ್ದಳಂತೆ.

ದೀಪ ಹಚ್ಚುವ ಹೊತ್ತಿಗೆ ಬಂದರು. ಚಾಳಿಗೆ ಚಾಳೇ ಗ್ಯಾಲರಿಯಲ್ಲಿ. ನಾನು ಆರತಿ ತಟ್ಟೆ ಹಿಡಿದುಕೊಂಡು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯದು. ಪುಟ್ಟಿ ತಾಯಿಯ ಸೊಂಟವನ್ನು ಹಿಡಿದವಳು ಬಿಡಲಿಲ್ಲ. ಈ ಸಲ ಯಾರೂ ಬೆರಳು ಬಿಡಿಸಲಿಲ್ಲ.

ಕೂಸು ಇವರ ತೋಳಿನಲ್ಲಿತ್ತು. ಒಂದು ಕೈಯಲ್ಲಿ ಎತ್ತಿಕೊಂಡಿದ್ದರು, ಇನ್ನೊಂದು ಅಂಗೈಯನ್ನು ಅದರ ನೆತ್ತಿಯ ಮೇಲೆ ಕೊಡೆಯ ಹಾಗೆ ಹಿಡಿದಿದ್ದರು. ಸೊಸೆ ನನ್ನ ಕಿವಿಯಲ್ಲಿ, "ಬೊರಿವಲಿಯಿಂದ ಹೀಗೇ ಅತ್ತೆ. ಟಿ.ಸಿ. ಬಂದರೂ ಕೈ ತೆಗೀಲಿಲ್ಲ. ಟಿಕೆಟು ಜೇಬಿನಲ್ಲಿ ಉಂಟು, ನೀವೇ ತೆಗೆದುಕೊಳ್ಳಿ ಅಂದರು" ಎಂದಳು. ರಾಹುಕಾಲವನ್ನಾಗಲಿ, ಶೂಲವನ್ನಾಗಲಿ ಇವರು ನಂಬುವುದು ಬಿಟ್ಟಿರಲಿಲ್ಲ. ಪೂರ್ತಿ ನಂಬಿಕೊಂಡೇ ಹೋಗಿದ್ದರು. ಗ್ರಹಗಳಿಗೂ ಕೂಸಿಗೂ ನಡುವೆ ತಮ್ಮ ಆ ಒಂದು ಅಂಗೈ ಅಡ್ಡ ಇಟ್ಟು ತಂದಿದ್ದರು.

ಇನ್ನು ಕೈ ಇಳಿಸಿ, ಮನೆ ಬಂತು ಎಂದೆ. ಇಳಿಸಲಿಲ್ಲ. ಒಳಗೆ ಬಂದು ಮಂಚದ ಮೇಲೆ ಕೂತ ಮೇಲೂ ಇಳಿಸಲಿಲ್ಲ. ಪುಟ್ಟಿ ತಾಯಿಯ ಸೆರಗು ಹಿಡಿದುಕೊಂಡೇ ಹತ್ತಿರ ಬಂದು ತಮ್ಮನನ್ನು ನೋಡಿದಳು. ನೆಲದ ಮೇಲಿನ ಎಳ್ಳುಂಡೆ ತಂದು ಅವನ ಬಾಯಿಯ ಕಡೆಗೆ ಚಾಚಿದಳು. ನಾನೂ ಸೊಸೆಯೂ ಒಟ್ಟಿಗೆ ಹಾರಿ ತಡೆದೆವು! ಅವಳು ಏನೂ ಬೇಸರಪಡಲಿಲ್ಲ. ಎಳ್ಳುಂಡೆಯನ್ನು ತನ್ನ ಬಾಯಿಗೇ ಹಾಕಿಕೊಂಡು, ಅಜ್ಜನ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ತಾನೂ ಅದರ ಕೆಳಗೆ ತಲೆ ತೂರಿಸಿದಳು.