ನಾ ನೇಯ್ದ ಹಾರೂ ಜಮಖಾನಿ

ನಾ ಸುಮ್ನ ಕೂತ್ರೂ ಇಂಥಾ ಪ್ರಸಂಗ ಹುಡುಕ್ಕೊಂಡು ನಮ್ಮ ಬನಹಟ್ಟಿ ಮನಿಗೇ ಬರತಾವ. ನಾ ಸಾಲಿ ಕಂಡಾವಲ್ಲ, ಮಗ್ಗದ ಕುಣಿಯಾಗ ಬೆಳದಾವ. ಹಿಂಗಾಗಿ ನಾ ಹೇಳತೀನಿ, ಮೊಮ್ಮಗಳು ಬರೀತಾಳ.

೧. ಹತ್ತು ವರ್ಷದ ನೇಕಾರ

ಹತ್ತು ವರ್ಷದಾವಿದ್ದಾಗ ಟೆಂಟಿನಾಗ ಒಂದು ಹುಡುಗರ ಸಿನಿಮಾ ನೋಡಿದ್ದೆ. ರಾಜಕುಮಾರ ಹಾರೂ ಜಮಖಾನಿ ಮ್ಯಾಲೆ ಕೂತು ರಾಕ್ಷಸನ ಊರಿಗೆ ಹೋಗತಾನ. ಆ ಜಮಖಾನಿ ನೇಯ್ದಾವ ನಾನೇ ಅಂತ ಮೊಮ್ಮಗಳಿಗೆ ಹೇಳಿದ್ದೆ. ಸುಳ್ಳಲ್ಲ, ಸ್ವಲ್ಪ ಹಿಗ್ಗಿಸಿ ಹೇಳಿದ್ದು. ಅಕಿ ಅದನ್ನ ಸಾಲಿ ತುಂಬಾ ಸಾರಿ ಬಂದಿದ್ಲು.

ಮೊನ್ನೆ ಅಮಾಸಿ, ಮಗ್ಗಕ್ಕ ಸೂಟಿ. ಮಧ್ಯಾಹ್ನ ಅದೇ ಸಿನಿಮಾ ಟೀವಿಯಾಗ ಹುಡುಕಿ ಹಚ್ಚಿ, ಮೂರು ಮಂದಿ ಗೆಳತ್ಯಾರನ್ನ ತಂದು ಕೂಡಿಸಿದ್ಲು.

"ಅಜ್ಜಾ, ಇವ್ರು ನನ್ನ ಸುಳ್ಳಿ ಅಂತಾರ. ಇವತ್ತ ನೋಡೇ ಬಿಡಲಿ."

ನನ್ನಾಕಿ ಅಡಗಿಮನಿಯಿಂದ ಕೇಳಿದ್ಲು: "ಎಷ್ಟನೇ ವರ್ಷಕ್ಕ ನೇಯ್ದ್ರಿ?"

"ಹತ್ತಕ್ಕ."

"ಹತ್ತಕ್ಕ ನಿಮಗ ಚಡ್ಡಿ ಲಾಡಿ ಕಟ್ಟಾಕೂ ಬರತಿರಲಿಲ್ಲ ಅಂತಿದ್ರು ಅತ್ತಿಯವ್ರು."

೨. ರಾಜನ ನಾಯಿ

ಆವಾಗ ಈ ಸಿನಿಮಾಕ್ಕ ತಗದ ಬಾಯಿ ಮುಚ್ಚಿರಲಿಲ್ಲ. ಈಗ ನೋಡಿದ್ರ ಎಲ್ಲಾ ತಗಡು. ರಾಣಿ ಸೆರಗು ಬಡದ್ರ ಅರಮನಿ ಕಂಬ ಅಲಗಾಡತೈತಿ! ಮಾತಾಡೂ ನಾಯಿ ಒಂದೈತಿ. ರಾಕ್ಷಸ ಬಂದ್ರ ಕಚ್ಚೂದ ಬಿಟ್ಟು ಬುದ್ಧಿವಾದ ಹೇಳತೈತಿ.

"ನಾ ಸಾಕಿದ್ದ ಮುಧೋಳ ನಾಯಿ ಇದ್ದಿದ್ರ ಕಾಲು ತಾಸಿಗೆ ಸಿನಿಮಾ ಮುಗೀತಿತ್ತು," ಅಂದೆ. "ಅದು ಬಸ್ಸಿಗಿಂತ ಮೊದಲ ಜಮಖಂಡಿ ಮುಟ್ಟಿ, ತಿರುಗಿ ಬರೂ ಬಸ್ಸಿನಾಗ ನನಗ ಸೀಟು ಹಿಡದಿತ್ತು."

"ಟಾವೆಲ್ ಹಾಕಿತ್ತೇನ್ರಿ?" ಅಂದ್ಲು ನನ್ನಾಕಿ.

೩. ಗಿಳಿ

ರಾಕ್ಷಸನ ಜೀವಾ ಏಳು ಸಮುದ್ರದ ಆಚಿಕಿ ಒಂದು ಗಿಳಿಯಾಗಂತ. ಶಾಣ್ಯಾ ಮಗ! ಅನಗವಾಡಿ ಹೊಳಿ ದಾಟೂದ್ರಾಗ ನಮಗ ಸಾಕಾಗತೈತಿ, ಆ ಗಿಳಿಗೆ ದಿನಾ ಮೆಣಸಿನಕಾಯಿ ಹಾಕಾಕ ಯಾರು ಹೋಗತಿದ್ರೋ?

"ನಿಮ್ಮ ಜೀವಾ ರಿಮೋಟಿನಾಗ ಐತಿ," ಅಂದ್ಲು ನನ್ನಾಕಿ. "ಗಿಳಿಗಿಂತ ನಿಮ್ದ ಪಾಡ. ಎರಡು ಸೆಲ್ಲು ಹಾಕಿದ್ರ ಮುಗೀತು."

೪. ಜಮಖಾನಿ

ಕಡೀಕ ಜಮಖಾನಿ ಬಂತು. ಬಯ್ಯೂ ಭರದಾಗ ನನ್ನ ಮಾತು ನನಗೇ ಮರತು ಹೋಗಿತ್ತು. ನೇಕಾರನ ಕಣ್ಣು, ಸುಮ್ನಿರತೈತೇನು?

"ಥೂ! ಅಂಚು ಸೊಟ್ಟ, ಹೊಕ್ಕು ಸಡಲ, ಜರಡಿ ಕಂಡಂಗ ಕಾಣತೈತಿ. ಯಾವ ಮಗ ನೇಯ್ದಾನಿದನ್ನ? ಅವನ ಕೈಯಾಗ ಲಾಳಿ ಕೊಟ್ಟಾವಗ ಮೊದಲ ಬಡೀಬೇಕು!"

ಹುಡುಗ್ಯಾರೆಲ್ಲಾ ನನ್ನ ಕಡೆ ಹೊಳ್ಳಿ ನೋಡಿದ್ರು.

"ಲಾಳಿ ಕೊಟ್ಟಾವ್ರು ನಿಮ್ಮಪ್ಪ ಅಲ್ರಿ?" ಅಂದ್ಲು ನನ್ನಾಕಿ, ಮೆಲ್ಲಕ.

ಮೊಮ್ಮಗಳ ಮಾರಿ ನೋಡಿದೆ. ಕಣ್ಣಾಗ ನೀರು ಬರೂದೊಂದು ಬಾಕಿ. ಅಷ್ಟ್ರಾಗ ಟೀವಿಯಾಗ ಜಮಖಾನಿ ನಟ್ಟನಡುವ ಪರ್ರಂತ ಹರಿದು, ರಾಜಕುಮಾರ, ರಾಜಕುಮಾರಿ ಇಬ್ರೂ ಹೊಳ್ಯಾಗ ದುಡುಮ್! ಗೆಳತ್ಯಾರು ಕ್ಯಾಕಿ ಹೊಡದು ನಕ್ರು: "ಇವರಜ್ಜ ನೇಯ್ದದ್ದು ಹರೀತು!"

ನಾ ಟೀವಿ ಬಂದ್ ಮಾಡಾಕ ರಿಮೋಟು ತಡಕಾಡಿದೆ.

ಮೊಮ್ಮಗಳು ಕಣ್ಣು ಒರಸ್ಕೊಂಡು ಎದ್ದು ನಿಂತ್ಲು. "ನಮ್ಮಜ್ಜ ಒಬ್ಬರೇ ಕೂಡಾಕ ಅಂತ ನೇಯ್ದಿದ್ದ. ಆ ರಾಜಕುಮಾರಿನ್ನ ಯಾರು ಹತ್ತಿಸ್ಕೋ ಅಂದಿದ್ರು?"

"ನಿನಗ ಹೆಂಗ ಗೊತ್ತಬೇ?" ಅಂದ್ಲು ಒಬ್ಬಾಕಿ.

"ಗೊತ್ತಿಲ್ಲೇನ ಮತ್ತ? ಅದಕ್ಕ ನೂಲಿನ ಕಂಡಿಕಿ ಸುತ್ತಿ ಕೊಟ್ಟಾಕಿ ನಾನ!"

"ಎವ್ವಾ, ಆಗ ನಿಮ್ಮಪ್ಪನೇ ಹುಟ್ಟಿರಲಿಲ್ಲ!" ಅಂದ್ಲು ನನ್ನಾಕಿ.

ನಾ ಧೋತರ ಝಾಡಿಸಿ ಎದ್ದೆ. "ಸುಮ್ನಿರ. ಛಲೋ ಸುತ್ತಿದ್ಲು. ನೂಲು ಒಂದು ಸಲನೂ ಕಡದಿಲ್ಲ."